ತಾಂಬೂಲದಲ್ಲಿ ಹಂಚಿದ ಮುಚ್ಚಳ

ನನ್ನ ಅಂಗಿಯಿಂದ ಕಿತ್ತಳೆ ಹಣ್ಣಿನ ವಾಸನೆ ಬರುತ್ತಿದೆ. ಹಣ್ಣಿನದು ಎಂದರೆ ಹಣ್ಣಿಗೆ ಅವಮಾನ; ಜನ್ಮದಲ್ಲಿ ಕಿತ್ತಳೆಯ ಮುಖ ಕಾಣದ ಕೆಮ್ಮಿನ ಸಿರಪ್ಪಿನದು. ಹುಬ್ಬಳ್ಳಿಯ ಅಕ್ಕನ ಮನೆಗೆ ಬಂದವನು ಸುಮ್ಮನೆ ಕೂರಲಾರದೆ ಅವಳ ಪುಟ್ಟ ಮಗಳಿಗೆ ಔಷಧಿ ಕುಡಿಸುವ ಗುತ್ತಿಗೆ ಹಿಡಿದೆ. ಬೆಕ್ಕಿನ ದನಿಯಲ್ಲಿ ಬೇಡಿಕೊಂಡೆ, ಅವಳ ಟೀಚರ ದನಿಯಲ್ಲಿ ಗದರಿದೆ, ಅವಳದೇ ದನಿಯಲ್ಲಿ ಅತ್ತು ತೋರಿಸಿದೆ. ಮಗು ಎಲ್ಲವನ್ನೂ ಗಂಭೀರವಾಗಿ ನೋಡಿತು, ಔಷಧಿಯನ್ನು ಬಾಯಿಗೆ ಹಾಕಿಸಿಕೊಂಡಿತು, ಆಮೇಲೆ ಕಲಾವಿದನಿಗೆ ಸಲ್ಲಬೇಕಾದ ಗೌರವವನ್ನು ನನ್ನ ಎದೆಯ ಮೇಲೆ ಉಗಿದು ಸಲ್ಲಿಸಿತು.

ಒರೆಸಿಕೊಳ್ಳಲು ಹೋದವನು ಹಾಗೇ ನಿಂತೆ. ಕೈಯಲ್ಲಿ ಬಾಟಲಿಯ ಮುಚ್ಚಳವಿತ್ತು. ಬೆರಳಿಗೆ ಅದರ ಒಳಗಿನ ಪುಟ್ಟ ಗೂಡು ತಾಗಿತು. ಆ ಗೂಡನ್ನು ನಾನು ಬಲ್ಲೆ.

"ಏನೋ, ನಿಂತಕೊಂಡ ನಿದ್ದಿ ಮಾಡಾಕತ್ತೀಯೇನು?" ಎಂದಳು ಅಕ್ಕ, ಮದುವೆಯಾಗಿ ಬಂದ ಮೇಲೆ ಹುಬ್ಬಳ್ಳಿಯ ಮಾತು ಹತ್ತಿಸಿಕೊಂಡವಳು.

ನಿದ್ದೆಯಲ್ಲ. ಆದರೆ ಹುಬ್ಬಳ್ಳಿಯಲ್ಲೂ ಇರಲಿಲ್ಲ. ನೈರೋಬಿಯ ಮೊಂಬಾಸಾ ರಸ್ತೆಯಲ್ಲಿ, ಬೆಳಗಿನ ಮಂಜಿನಲ್ಲಿ, ಕಾರ್ಖಾನೆಯ ವ್ಯಾನಿನ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದೆ.

ಕಂಪನಿ ನನ್ನನ್ನು ಒಂದು ವರ್ಷದ ಮಟ್ಟಿಗೆ ಅಲ್ಲಿಗೆ ಕಳಿಸಿತ್ತು. ಔಷಧಿ ಬಾಟಲಿಯ ಲೇಬಲ್‌ನಲ್ಲಿ ತಪ್ಪಿದೆಯೇ ಎಂದು ಓದುವ ಕೆಲಸ. ಇಡೀ ದಿನ 'ಚೆನ್ನಾಗಿ ಅಲುಗಿಸಿ ಬಳಸಿ' ಎಂದು ಓದುವವನ ತಲೆ ಸಂಜೆಯ ಹೊತ್ತಿಗೆ ಹೇಗಿರುತ್ತದೆ ಊಹಿಸಿಕೊಳ್ಳಿ. ಆಫ್ರಿಕಾ ಎಂದರೆ ಬೆವರು ಎಂದುಕೊಂಡು ತೆಳು ಅಂಗಿಗಳನ್ನೇ ತುಂಬಿಕೊಂಡು ಹೋದ ಮಹಾ ಜಾಣ ನಾನು. ಜುಲೈ ತಿಂಗಳ ನೈರೋಬಿ ನನ್ನನ್ನು ನೋಡಿ ನಕ್ಕಿತು. ವಾರಗಟ್ಟಲೆ ಸೂರ್ಯನಿಲ್ಲ. ಊರಿನ ಮೇಲೆ ಯಾರೋ ಬೂದು ಬಣ್ಣದ ಮುಚ್ಚಳ ತಿರುಪಿ ಹೋದಂತಿತ್ತು. ರಸ್ತೆ ಬದಿಯ ಜಾಲಿ ಮರಗಳ ತುದಿಯಲ್ಲಿ ಮರಬು ಕೊಕ್ಕರೆಗಳು ಕರೀ ಕೋಟು ತೊಟ್ಟ ವಕೀಲರ ಹಾಗೆ, ಕತ್ತು ಒಳಗೆಳೆದುಕೊಂಡು, ಯಾವುದೋ ಕೇಸಿನ ಕರೆಗಾಗಿ ಕಾಯುತ್ತ ನಿಂತಿರುತ್ತಿದ್ದವು. ಅವುಗಳ ನಿಲುವನ್ನು ಕಲಿತು ವ್ಯಾನಿನಲ್ಲಿ ಮಾಡಿ ತೋರಿಸುತ್ತಿದ್ದೆ. ಕಾರ್ಖಾನೆ ಹತ್ತಿರವಾಗುತ್ತಿದ್ದಂತೆ ಮಂಜಿನೊಳಗಿಂದ ಈ ಕಿತ್ತಳೆ ವಾಸನೆ ತೇಲಿಬರುತ್ತಿತ್ತು. ಇಲ್ಲದ ತೋಟವೊಂದರ ಗಾಳಿಯಂತೆ.

ನನ್ನ ವಾಸ ಸೌತ್ ಸಿ ಬಡಾವಣೆಯಲ್ಲಿ, ನಾಗಭೂಷಣ ಸಾರ್ ಮನೆಯ ಮೇಲಿನ ಕೋಣೆಯಲ್ಲಿ. ಅವರು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಎಂಜಿನಿಯರ್, ತುಮಕೂರಿನ ಕಡೆಯವರು. ಹೆಂಡತಿ ವಿಶಾಲಾಕ್ಷಿ, ನನಗೆ ವಿಶಾಲಕ್ಕ. ನಾನು ಅವರಿಗೆ ಕೋತಿ. ಮಗಳು ಇಂಚರ, ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಬಂದ ವಾರದಲ್ಲೇ ಕ್ಯಾಂಟೀನಿನಲ್ಲಿ ನಾನು ನಾಗಭೂಷಣರನ್ನು ಅನುಕರಿಸುತ್ತಿದ್ದೆ: ಕನ್ನಡಕ ತೆಗೆದು, ಗಂಟಲು ಸರಿಮಾಡಿ, "ಅಂದ್ರೆ ಏನಪ್ಪಾ ಅಂದ್ರೆ..." ಎಲ್ಲರೂ ನಕ್ಕು ಇದ್ದಕ್ಕಿದ್ದಂತೆ ಸುಮ್ಮನಾದರು. ಹಿಂದೆ ಅವರೇ ನಿಂತಿದ್ದರು. ಇವತ್ತಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ದನಿ ಸರಿ ಇದೆ. ಆದ್ರೆ ಕನ್ನಡಕ ನಾನು ಎಡಗೈಯಲ್ಲಿ ತೆಗೀತೀನಿ," ಎಂದರು. "ಬಲಗೈಲಿ ಯಾವಾಗ್ಲೂ ಸ್ಕ್ರೂಡ್ರೈವರ್ ಇರುತ್ತಲ್ಲ."

ಅಂಥ ಮನುಷ್ಯ. ತನ್ನನ್ನು ಅಣಕಿಸುವುದಾದರೂ ಸರಿ, ಅಳತೆ ತಪ್ಪಬಾರದು.

ಒಂದು ದಿನ ಟ್ರಾಫಿಕ್ಕಿನಲ್ಲಿ ನಮ್ಮ ವ್ಯಾನಿನ ಪಕ್ಕಕ್ಕೆ ಒಂದು ಮಟಾಟು, ಅಂದರೆ ಅಲ್ಲಿನ ಖಾಸಗಿ ಮಿನಿಬಸ್ಸು, ಬಂದು ನಿಂತಿತು, ಒಳಗೆ ಹಾಡು, ಹೊರಗೆ ನೇತಾಡುವ ಕಂಡಕ್ಟರ್. ಕಿಟಕಿಯಲ್ಲಿ ಒಬ್ಬ ತಾಯಿ ಮಡಿಲ ಮಗುವಿಗೆ ಚಮಚದಲ್ಲಿ ಸಿರಪ್ ಹಾಕುತ್ತಿದ್ದಳು. ಮಟಾಟು ಜಿಗಿಯಿತು, ಔಷಧಿಯೆಲ್ಲ ಅವಳ ಸೀಟಿನ ಮೇಲೆ. ಮತ್ತೆ ಹಾಕಿದಳು, ಮತ್ತೆ ಜಿಗಿಯಿತು. ನಾಗಭೂಷಣ ಎಡಗೈಯಲ್ಲಿ ಕನ್ನಡಕ ತೆಗೆದರು. ಕಾರ್ಖಾನೆ ಬರುವವರೆಗೆ ಮತ್ತೆ ಹಾಕಿಕೊಳ್ಳಲಿಲ್ಲ.

ಅಲ್ಲಿಂದ ಶುರುವಾಯಿತು. ಚಮಚವೇ ಬೇಡದ ಮುಚ್ಚಳ. ಬಾಟಲಿಯನ್ನು ಒಮ್ಮೆ ತಲೆಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸಿದರೆ ಮುಚ್ಚಳದೊಳಗಿನ ಗೂಡಿನಲ್ಲಿ ಸರಿಯಾಗಿ ಒಂದು ಚಮಚ ನಿಲ್ಲಬೇಕು; ಗಾಡಿ ಎಷ್ಟು ಕುಣಿದರೂ ಚೆಲ್ಲಬಾರದು. ವಿಶಾಲಕ್ಕನ ಅಡುಗೆಮನೆ ಪ್ರಯೋಗಶಾಲೆಯಾಯಿತು. ಬಾಟಲಿಯಲ್ಲಿ ತಿಳಿಸಾರು, ಬಾಟಲಿಯಲ್ಲಿ ಮಜ್ಜಿಗೆ, ಬಾಟಲಿಯಲ್ಲಿ ಜೇನುತುಪ್ಪ. ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಇಳಿಯುವ ಗಾಡಿ ನಾನು. ಕೆಳಗಿನಿಂದ ಒಂದೇ ಪ್ರಶ್ನೆ: "ಚೆಲ್ತಾ?"

"ಚೆಲ್ತು ಸಾರ್."

"ನೀನು ಬೇಕೂಂತ ಕುಣಿದೆ."

"ಮಟಾಟು ನಾನು ಸಾರ್. ಕುಣೀಲೇಬೇಕು."

ಒಂದು ಸಂಜೆ ನಾನು ಕುಣಿದೆ, ಎಗರಿದೆ, ಬಾಗಿಲಿಗೆ ಡಿಕ್ಕಿ ಹೊಡೆದೆ. ಚೆಲ್ಲಲಿಲ್ಲ. ನಾಗಭೂಷಣ ಮೆಟ್ಟಿಲ ಮೇಲೇ ಕೂತುಬಿಟ್ಟರು. ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡುತ್ತ, ನನಗೋ ಮುಚ್ಚಳಕ್ಕೋ ಎಂಬಂತೆ ಹೇಳಿದರು: "ಜೀವಮಾನ ಎಲ್ಲ ಬೇರೆಯವರು ಕಂಡುಹಿಡಿದ ಮಶೀನು ರಿಪೇರಿ ಮಾಡಿದೀನಿ ಕಣೋ. ಒಂದಕ್ಕಾದ್ರೂ ನನ್ನ ಹೆಸರು ಇರ್ಲಿ ಅನ್ಸುತ್ತೆ. ಒಂದೇ ಒಂದಕ್ಕೆ."

ನಾನು ಏನೂ ತಮಾಷೆ ಮಾಡಲಿಲ್ಲ. ಬರಲಿಲ್ಲ.

ಕಾರ್ಖಾನೆಯ ಯಜಮಾನರಿಗೂ ಮುಚ್ಚಳ ಹಿಡಿಸಿತು. ಆದರೆ ಅದನ್ನು ರಾಶಿಗಟ್ಟಲೆ ತಯಾರಿಸುವ ಅಚ್ಚು ಬರಬೇಕಾದದ್ದು ಚೀನಾದಿಂದ. ಅಲ್ಲಿ ಪೇಟೆಂಟ್ ಇಲ್ಲದಿದ್ದರೆ ಅಚ್ಚು ಮಾಡಿದವನೇ ನಾಳೆ ಲೋಕಕ್ಕೆಲ್ಲ ಮಾರಬಹುದು, ಕೇಳುವವರಿಲ್ಲ. "ಮೊದಲು ಚೀನಾದಲ್ಲಿ ಅರ್ಜಿ. ಕಂಡುಹಿಡಿದವರ ಜಾಗದಲ್ಲಿ ನಿಮ್ಮ ಹೆಸರು," ಎಂದರು ಯಜಮಾನರು. ಅರ್ಜಿಗೆ ಚಿತ್ರಗಳನ್ನು ಬರೆಯುವುದರಲ್ಲಿ ಆಗಸ್ಟ್ ಬಂತು. ಆಗಸ್ಟಿನ ಜೊತೆ ವರಮಹಾಲಕ್ಷ್ಮಿ ಹಬ್ಬವೂ ಬಂತು.

ನೈರೋಬಿಯ ಕನ್ನಡದ ಹೆಂಗಸರಲ್ಲಿ ಆ ಹಬ್ಬದ ತಾಂಬೂಲದ ಬಗ್ಗೆ ಒಂದು ಮೌನಯುದ್ಧ ನಡೆಯುತ್ತಿತ್ತು. ಹಿಂದಿನ ವರ್ಷ ದೊಡ್ಡವರ ಬಡಾವಣೆ ಗಿಗಿರಿಯ ಮನೆಯೊಂದರಲ್ಲಿ ಎಲೆ ಅಡಿಕೆಯ ಜೊತೆ ಬೆಳ್ಳಿ ಲೇಪದ ಕುಂಕುಮದ ಬಟ್ಟಲು ಕೊಟ್ಟಿದ್ದರು. ವಿಶಾಲಕ್ಕನಿಗೆ ಆ ಬಟ್ಟಲು ನಿದ್ದೆಗೆಡಿಸಿತ್ತು.

"ರೀ, ಎಲ್ಲರ ಮನೇಲೂ ಮಕ್ಕಳಿದಾರೆ. ನಿಮ್ಮ ಮುಚ್ಚಳ ಒಂದೊಂದು ಇಡೋಣ್ವಾ? ಇಂಥದ್ದು ಯಾರೂ ಕೊಟ್ಟಿರಲ್ಲ."

ನಾಗಭೂಷಣ ಎದ್ದು ಹೋಗಿ ಕಾರ್ಖಾನೆಯಲ್ಲಿ ಕೈಅಚ್ಚಿನಿಂದ ತೆಗೆದ ಮಾದರಿ ಮುಚ್ಚಳಗಳ ಮೂಟೆಯನ್ನೇ ಹೊತ್ತು ತಂದರು.

ಹಬ್ಬದ ಹಿಂದಿನ ಸಂಜೆ ಚಾಪೆ ಹಾಸಿಕೊಂಡು ಕೂತೆವು. ಸ್ವೆಟರ್ ತೊಟ್ಟ ಮೂವರು ಕನ್ನಡಿಗರು, ನಡುವೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ, ಮುಚ್ಚಳ. ಕಿಟಕಿಯಾಚೆ ಮಂಜು, ದೂರದಲ್ಲಿ ಯಾರದೋ ಮನೆಯ ಇದ್ದಿಲೊಲೆಯ ಹೊಗೆ. ವಿಶಾಲಕ್ಕ ಕಟ್ಟಿದ ಚೀಲದ ಗಂಟು ಎತ್ತುವಷ್ಟರಲ್ಲಿ ಬಿಚ್ಚಿತು. ನಾನು ಕಟ್ಟಿದ್ದು ಬಿಚ್ಚಲೇ ಇಲ್ಲ, ಕತ್ತರಿ ಬೇಕಾಯಿತು. ನಾಗಭೂಷಣ ಇಬ್ಬರ ಕೈಯಿಂದಲೂ ದಾರ ಕಸಿದುಕೊಂಡರು.

"ಅಂದ್ರೆ ಏನಪ್ಪಾ ಅಂದ್ರೆ, ಎಳೆದ್ರೆ ಬಿಚ್ಚಬೇಕು, ಅಲುಗಿದ್ರೆ ಬಿಚ್ಚಬಾರ್ದು. ಮುಚ್ಚಳಕ್ಕೂ ಅದೇ, ಗಂಟಿಗೂ ಅದೇ."

ದಾರವನ್ನು ಎರಡು ಸಲ ಬೆರಳಿಗೆ ಸುತ್ತಿ, ಒಂದು ಕಿವಿ ಮಾಡಿ, ಕಿವಿಯೊಳಗೆ ಇನ್ನೊಂದನ್ನು ನುಗ್ಗಿಸಿ. ನಾವು ತುಂಬಿಸಿಕೊಟ್ಟೆವು, ಅವರೊಬ್ಬರೇ ಎಲ್ಲ ಚೀಲಗಳನ್ನೂ ಕಟ್ಟಿದರು. ಕಟ್ಟುವಾಗ ಪ್ರತಿ ಮುಚ್ಚಳವನ್ನೂ ಒಮ್ಮೆ ಹೆಬ್ಬೆರಳಿನಿಂದ ಸವರುತ್ತಿದ್ದರು, ಮಗಳನ್ನು ಶಾಲೆಗೆ ಕಳಿಸುವಾಗ ಕೆನ್ನೆ ಸವರುವಂತೆ. ಹಾಗೆ ಸವರಿದ್ದನ್ನು ನೋಡಿದವರು ನಾವಿಬ್ಬರೇ.

ಮರುದಿನ ರೇಷ್ಮೆ ಸೀರೆಯ ಮೇಲೆ ಉಣ್ಣೆಯ ಕೋಟು ತೊಟ್ಟ ಲಕ್ಷ್ಮಿಯರು ಲಂಗಾಟಾದಿಂದ, ಗಿಗಿರಿಯಿಂದ, ಕಾರುಗಳಲ್ಲಿ ಬಂದಿಳಿದರು. ಅರಿಶಿನ ಕುಂಕುಮ ತೆಗೆದುಕೊಂಡು, ಕೋಸಂಬರಿ ತಿಂದು, ಚೀಲ ಹಿಡಿದು ಮಂಜಿನಲ್ಲಿ ಕರಗಿದರು. ಆಮೇಲೆ ವಾರಗಟ್ಟಲೆ ಫೋನು. ನಾಗಭೂಷಣ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು: "ಚೆಲ್ತಾ?" ಯಾರೂ ಚೆಲ್ಲಿತು ಎನ್ನಲಿಲ್ಲ. ಆ ಮನುಷ್ಯ ಅಷ್ಟು ಸುಖವಾಗಿದ್ದ ದಿನಗಳನ್ನು ನಾನು ಬೇರೆ ನೋಡಿಲ್ಲ. ಕಾರ್ಖಾನೆಯಲ್ಲಿ ಸಿಳ್ಳೆ ಹಾಕುತ್ತಿದ್ದರು, ಅದೂ ಶ್ರುತಿ ಬಿಟ್ಟು.

ಅಕ್ಟೋಬರಿನಲ್ಲಿ ಆಕಾಶದ ಮುಚ್ಚಳ ತೆರೆಯಿತು. ಜಕರಂದ ಮರಗಳು ಒಂದೇ ರಾತ್ರಿ ಮಾತಾಡಿಕೊಂಡಂತೆ ನೇರಳೆಯಾದವು. ರಸ್ತೆ ನೇರಳೆ, ಕಾರಿನ ತಲೆ ನೇರಳೆ, ಕಾವಲುಗಾರನ ಟೋಪಿ ನೇರಳೆ. ಅಂಥ ಒಂದು ಮಧ್ಯಾಹ್ನ ಚೀನಾದ ಪೇಟೆಂಟ್ ವಕೀಲೆಯ ಜೊತೆ ವಿಡಿಯೋ ಮಾತುಕತೆ ಏರ್ಪಾಡಾಯಿತು. ಲಿನ್ ಮೇಡಂ: ಚಿಕ್ಕ ಮುಖ, ನಿಧಾನದ ಇಂಗ್ಲಿಷ್, ಪ್ರತಿ ವಾಕ್ಯದ ಕೊನೆಗೆ ಒಂದು ಪುಟ್ಟ ನಿಲುಗಡೆ. ನಾನು ಐದು ನಿಮಿಷದಲ್ಲಿ ಆ ನಿಲುಗಡೆಯನ್ನು ಕದ್ದೆ.

ಅಷ್ಟರಲ್ಲಿ ನೈರೋಬಿಯ ನಮ್ಮ ಕನ್ನಡ ಸಂಘದಲ್ಲಿ ಆವಿಷ್ಕಾರದ ಜ್ವರ ಹಬ್ಬಿತ್ತು. ಎಲ್ಲರ ಬೇಡಿಕೆಯನ್ನೂ ನಾನೇ ಹೊತ್ತು ತಂದಿದ್ದೆ. ಲಂಗಾಟಾದ ಒಬ್ಬ ಅಂಕಲ್ ಓಂಕಾಳು ಜಗಿದು ಉಸಿರು ಹಿಡಿದು ಹೊಟ್ಟೆಯ ವಾಯು ಇಳಿಸುವ ಕ್ರಮ ಕಂಡುಹಿಡಿದಿದ್ದರು.

"ಚಿಕಿತ್ಸೆಯ ವಿಧಾನ. ನಮ್ಮ ಕಾನೂನಿನಲ್ಲಿ ಪೇಟೆಂಟ್ ಇಲ್ಲ," ಎಂದರು ಲಿನ್ ಮೇಡಂ. "ರೋಗಿಯ ಮುಂದೆ ನಿಂತ ವೈದ್ಯ, ಈ ವಿಧಾನ ಯಾರ ಸ್ವತ್ತು ಎಂದು ಯೋಚಿಸುವಂತಾಗಬಾರದು."

ಬ್ಯಾಂಕಿನ ಮ್ಯಾನೇಜರೊಬ್ಬರ ರಮ್ಮಿ ಗೆಲ್ಲುವ ಸೂತ್ರ?

"ಬುದ್ಧಿಯ ಚಟುವಟಿಕೆಯ ನಿಯಮ. ಇಲ್ಲ."

ನೈರೋಬಿಯ ಚಳಿಯಲ್ಲೂ ಕಾಯಿ ಬಿಡುವ ವಿಶಾಲಕ್ಕನ ಅವರೆ?

"ಸಸ್ಯದ ತಳಿ. ಇಲ್ಲ. ಪ್ರಾಣಿಯ ತಳಿಯೂ ಇಲ್ಲ."

"ಹಾಗಾದ್ರೆ ನಮ್ಮ ಕೋತಿಗೂ ಸಿಗಲ್ಲ," ಎಂದು ನಾಗಭೂಷಣ ನನ್ನತ್ತ ಬೆರಳು ತೋರಿಸಿ ಭಾಷಾಂತರ ಮಾಡಿದರು. ಲಿನ್ ಮೇಡಂ ಮೊದಲ ಸಲ ನಕ್ಕರು.

"ಆದರೆ ನಿಮ್ಮ ಮುಚ್ಚಳ ವಿಧಾನವಲ್ಲ, ವಸ್ತು. ಅದಕ್ಕೆ ಆ ತಡೆ ಇಲ್ಲ. ನಾನು ಹುಡುಕಿದ ಮಟ್ಟಿಗೆ ಇಂಥದ್ದು ಬೇರೆಲ್ಲೂ ಕಾಣಲಿಲ್ಲ. ಚೆನ್ನಾಗಿದೆ." ನಿಲುಗಡೆ. "ಒಂದು ಮಾಮೂಲು ಪ್ರಶ್ನೆ. ಕಂಪನಿಯ ಹೊರಗೆ ಯಾರಾದರೂ ನೋಡಿದ್ದಾರೆಯೇ?"

"ಇಲ್ಲ ಇಲ್ಲ," ಎಂದರು ನಾಗಭೂಷಣ ಹೆಮ್ಮೆಯಿಂದ. "ಹೊರಗಿನವರು ಯಾರೂ ನೋಡಿಲ್ಲ. ನಮ್ಮವರು ಮಾತ್ರ."

"ನಮ್ಮವರು ಎಂದರೆ?"

"ನಮ್ಮ ಕನ್ನಡ ಸಂಘ."

ಲಿನ್ ಮೇಡಂ ಮುಖದಲ್ಲಿ ನಗು ಎಲ್ಲಿತ್ತೋ ಅಲ್ಲಿಂದ ಎದ್ದು ಹೋಯಿತು. ಎಷ್ಟು ಜನ, ಯಾವಾಗ, ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿಸಿದ್ದೀರಾ ಎಂದು ಕೇಳಿದರು. ಈ ಮಾತನ್ನು ಸಂಜೆ ಹೇಳಿದಾಗ ವಿಶಾಲಕ್ಕ, "ಅರಿಶಿನ ಕುಂಕುಮ ಕೊಡುವಾಗ ಸಹಿ ಹಾಕಿಸ್ತಾರೇನೋ?" ಎಂದರು. ಅಲ್ಲೇ ಇತ್ತು ನಮ್ಮ ತಪ್ಪು. ನಮ್ಮ ಲೆಕ್ಕದಲ್ಲಿ ಸಾರ್ವಜನಿಕರು ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಇರುವವರು. ಮನೆಗೆ ಬಂದು ತಾಂಬೂಲ ತೆಗೆದುಕೊಂಡು ಹೋದವರು ಹೇಗೆ ಸಾರ್ವಜನಿಕರಾಗುತ್ತಾರೆ? ಚೀನಾದ ಕಾನೂನಿನ ಲೆಕ್ಕದಲ್ಲಿ ಆಗುತ್ತಾರೆ. ಅರ್ಜಿ ಹಾಕುವ ಮುನ್ನ ಲೋಕದ ಯಾವ ಮೂಲೆಯಲ್ಲಾದರೂ ಹೊರಬಿದ್ದ ವಸ್ತು ಹೊಸದಲ್ಲ. ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಕೀನ್ಯಾದಲ್ಲಿ ಇಂಥ ಎಡವಟ್ಟಿಗೆ ಸ್ವಲ್ಪ ಕಾಲಾವಕಾಶ ಉಂಟಂತೆ. ಆದರೆ ಮುಚ್ಚಳ ಹುಟ್ಟಬೇಕಾದದ್ದು ಚೀನಾದಲ್ಲಿ.

"ಕೆಲವು ವಿನಾಯಿತಿ ಇವೆ, ಆರು ತಿಂಗಳ ಒಳಗೆ," ಎಂದರು ಲಿನ್ ಮೇಡಂ. "ನಮ್ಮ ಸರ್ಕಾರ ಮಾನ್ಯ ಮಾಡಿದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ತೋರಿಸಿದ್ದರೆ. ನಿಗದಿತ ವಿದ್ವತ್ ಸಭೆಯಲ್ಲಿ ಮಂಡಿಸಿದ್ದರೆ. ಈ ವರಮಹಾ..." ಅವರು ಪಾಪ, ಪ್ರಯತ್ನಿಸಿದರು. "ಇದು ವಿದ್ವತ್ ಸಭೆಯೇ?"

ಕೋಸಂಬರಿಯನ್ನು ನೆನೆದು ನಾನು ಅಲ್ಲ ಎಂದು ತಲೆಯಾಡಿಸಿದೆ.

"ಇನ್ನೊಂದಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಬೇರೆ ಯಾರಾದರೂ ಬಯಲು ಮಾಡಿದ್ದರೆ. ನಿಜವಾಗಿ ಏನು ನಡೆಯಿತು ಎಂದು ಯೋಚಿಸಿ ಹೇಳಿ."

ಮಾತು ಮುಗಿದ ಮೇಲೆ ಯಜಮಾನರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು, "ಭೂಷಣ್ ಭಾಯ್, ಇದರಲ್ಲಿ ಯೋಚಿಸೋಕೆ ಏನಿದೆ? ಹೆಂಡತಿ ನಿಮಗೆ ಹೇಳದೆ ತಗೊಂಡು ಹಂಚಿಬಿಟ್ರು. ಒಂದು ಹೇಳಿಕೆಗೆ ನಿಮ್ಮ ಸಹಿ, ಸಾಕ್ಷಿಗೆ ಈ ಹುಡುಗನ ಸಹಿ. ಆಯ್ತಲ್ಲ."

ಹೀಗೆ ಊರನ್ನೆಲ್ಲ ಅಣಕಿಸುವವನು ಜೀವನದಲ್ಲಿ ಮೊದಲ ಸಲ ಸತ್ಯಸಂಧನ ಪಾತ್ರಕ್ಕೆ ಆಯ್ಕೆಯಾದೆ.

ನವೆಂಬರಿನ ಮಳೆ ಶುರುವಾಯಿತು. ಸಂಜೆಯಾದರೆ ಸೌತ್ ಸಿಯ ತಗಡಿನ ಮಾಡುಗಳ ಮೇಲೆ ಯಾರೋ ಅಕ್ಕಿ ಸುರಿದ ಸದ್ದು. ಕೆಂಪು ನೀರಿನಲ್ಲಿ ಜಕರಂದ ಹೂಗಳು ದೋಣಿಯಂತೆ ಹೋಗುತ್ತಿದ್ದವು. ಒಳಗೆ ನಾವು ತಾಲೀಮು ನಡೆಸುತ್ತಿದ್ದೆವು. ನಾನು ಲಿನ್ ಮೇಡಂ. ತಲೆಗೆ ವಿಶಾಲಕ್ಕನ ಶಾಲು.

"ಮಿಸ್ಟರ್ ಭೂಷಣ್." ನಿಲುಗಡೆ. "ಮುಚ್ಚಳವನ್ನು ಯಾರು ಹಂಚಿದರು?"

"ನನ್ನ ಹೆಂಡತಿ. ನನ್ನ ಒಪ್ಪಿಗೆ ಇಲ್ಲದೆ..." ನಾಗಭೂಷಣ ಕನ್ನಡಕ ತೆಗೆದು ಒರೆಸತೊಡಗಿದರು. "ಇದು ಬರ್ತಿಲ್ಲ ಕಣೋ."

"ಬರಲ್ಲ ಅಂದ್ರೇನು? ಇನ್ನೊಂದ್ಸಲ ಹೇಳಿ," ಎಂದರು ಒಳಗಿನಿಂದ ವಿಶಾಲಕ್ಕ. ಕೈಯಲ್ಲಿ ಸೌಟು ಹಿಡಿದೇ ಬಂದರು. "ಕದ್ದಳು ಅಂತ ಬೇಡ, ಗೊತ್ತಾಗದ ಹಾಗೆ ತಗೊಂಡಳು ಅನ್ನಿ. ಬೇಕಿದ್ರೆ ಕದ್ದಳು ಅಂತಾನೇ ಅನ್ನಿ. ಆ ಚೀನಾದಮ್ಮ ನಮ್ಮನೆಗೆ ಕುಂಕುಮಕ್ಕೆ ಬರ್ತಾಳಾ?"

"ಅಮ್ಮಾ, ದಟ್ಸ್ ಲೈಯಿಂಗ್," ಎಂದಳು ಇಂಚರ, ಪುಸ್ತಕದಿಂದ ತಲೆ ಎತ್ತದೆ.

"ನಿಮ್ಮಪ್ಪನ ಹೆಸರು ಬರತ್ತೆ ಕಣೇ. ಓದ್ಕೋ ಸುಮ್ನೆ."

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಪ್ರತಿ ಸಂಜೆ ಆ ಹೆಂಗಸು ತನ್ನನ್ನೇ ಕಳ್ಳಿಯೆನ್ನುವ ವಾಕ್ಯವನ್ನು ಗಂಡನಿಗೆ ಹೇಳಿಕೊಟ್ಟರು, ಮಗ್ಗಿ ಕಲಿಸುವ ಹಾಗೆ. ನಾಗಭೂಷಣ ಪ್ರತಿ ಸಂಜೆ ಅದೇ ಜಾಗದಲ್ಲಿ ತಡವರಿಸಿದರು. ನನಗಂತೂ ಲಿನ್ ಮೇಡಂ ದನಿ ಎಷ್ಟು ಪಳಗಿತೆಂದರೆ ಅಂಗಡಿಯಲ್ಲಿ ಹಾಲು ಕೇಳುವಾಗಲೂ ನಿಲುಗಡೆ ಬರುತ್ತಿತ್ತು.

ಎರಡನೆಯ ಮಾತುಕತೆಯ ದಿನ ಕಾರ್ಖಾನೆಯಲ್ಲಿ ಕರೆಂಟು ಹೋಗಿದ್ದರಿಂದ ಸೌತ್ ಸಿಯ ಮನೆಯಿಂದಲೇ ಕೂತೆವು. ಯಜಮಾನರು ಪರದೆಯ ಒಂದು ಚೌಕದಲ್ಲಿ, ಲಿನ್ ಮೇಡಂ ಇನ್ನೊಂದರಲ್ಲಿ. ವಿಶಾಲಕ್ಕ ಪರದೆಗೆ ಕಾಣದಂತೆ ಅಡುಗೆಮನೆಯ ಬಾಗಿಲಲ್ಲಿ. ಹೊರಗೆ ಮಳೆ.

"ಮಿಸ್ಟರ್ ಭೂಷಣ್." ನಿಲುಗಡೆ. ನನ್ನದಕ್ಕಿಂತ ಅಸಲಿ ಸ್ವಲ್ಪ ಚಿಕ್ಕದಾಗಿತ್ತು. "ಮುಚ್ಚಳವನ್ನು ಯಾರು ಹಂಚಿದರು?"

"ನನ್ನ ಹೆಂಡತಿ."

"ಆ ಚೀಲಗಳನ್ನು ಅವರೊಬ್ಬರೇ ಸಿದ್ಧಪಡಿಸಿದರೇ? ತುಂಬಿ, ಕಟ್ಟಿ?"

ಈ ಪ್ರಶ್ನೆ ನಮ್ಮ ತಾಲೀಮಿನಲ್ಲಿ ಇರಲಿಲ್ಲ. ಬಾಗಿಲಲ್ಲಿ ವಿಶಾಲಕ್ಕ ಜೋರಾಗಿ ತಲೆಯಾಡಿಸುತ್ತಿದ್ದರು: ಹೌದು ಅನ್ನಿ, ಹೌದು ಅನ್ನಿ. ನಾಗಭೂಷಣ ಅವರತ್ತ ನೋಡಿದರು. ಅವರ ಎಡಗೈ ಕನ್ನಡಕಕ್ಕೆ ಹೋಯಿತು.

"ಕಟ್ಟಿದ್ದು ನಾನು," ಎಂದರು. "ಎಲ್ಲಾ ಗಂಟೂ ನಂದೇ, ಮೇಡಂ. ಅವಳು ಕಟ್ಟಿದ್ರೆ ಬಿಚ್ಚೋಗುತ್ತೆ. ಇದು ಎಳೆದ್ರೆ ಮಾತ್ರ ಬಿಚ್ಚೋ ಗಂಟು. ಅವಳು ನನ್ನ ಕೇಳಿದ್ಲು. ನಾನೇ ಮೂಟೆ ಹೊತ್ತು ತಂದೆ. ಸಂತೋಷಕ್ಕೆ ತಂದೆ."

ಯಜಮಾನರ ಚೌಕ ಕಪ್ಪಾಯಿತು. ಇಂಟರ್ನೆಟ್ಟೋ ಸಿಟ್ಟೋ ಗೊತ್ತಾಗಲಿಲ್ಲ. ಲಿನ್ ಮೇಡಂ ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ನಿರಾಸೆ ಇತ್ತು, ಅದರ ಜೊತೆಗೇ ಇನ್ನೇನೋ ಇತ್ತು.

"ಹಾಗಾದರೆ ಕಾನೂನಿನಲ್ಲಿ ನಾನು ಮಾಡಬಹುದಾದದ್ದು ಏನೂ ಇಲ್ಲ. ಕ್ಷಮಿಸಿ." ನಿಲುಗಡೆ. "ಆ ಗಂಟು... ಅದು ಹೊಸದೇ?"

"ಅದೂ ಊರಿಗೆಲ್ಲ ಹಂಚಿ ಆಗಿದೆ ಮೇಡಂ," ಎಂದೆ ನಾನು.

ಅವರು ನಕ್ಕರು. ನಾಗಭೂಷಣ ಗಾಬರಿಯಲ್ಲಿ "ಸವಾ, ಸವಾ, ಅಸಾಂಟೆ" ಎಂದು ಸ್ವಾಹಿಲಿಯಲ್ಲೇ ವಂದಿಸಿ ಲ್ಯಾಪ್‌ಟಾಪ್ ಮುಚ್ಚಿದರು.

"ಇಷ್ಟು ದಿನ ನಾನು ಕಳ್ಳಿಯಾಗೋಕೆ ಪಟ್ಟ ಪಾಡೆಲ್ಲ ದಂಡ," ಎಂದರು ವಿಶಾಲಕ್ಕ ಬಾಗಿಲಿಂದ. "ಒಂದು ಸುಳ್ಳು ಹೇಳೋಕೆ ಬರಲ್ವಲ್ಲ ನಿಮಗೆ."

"ಸುಳ್ಳು ಹೇಳ್ತಿದ್ದೆ ಕಣೆ. ಆದ್ರೆ ಗಂಟು ನಿಂದು ಅಂದಿದ್ರೆ ಯಾರಾದ್ರೂ ನಂಬ್ತಿದ್ರಾ?"

ವಿಶಾಲಕ್ಕ ಸ್ವೆಟರಿನ ತೋಳಿನಲ್ಲಿ ಮುಖ ಮುಚ್ಚಿಕೊಂಡರು. ನಗುವನ್ನೂ ಅಳುವನ್ನೂ ಎರಡನ್ನೂ ಮಾಡಿ ತೋರಿಸಬಲ್ಲ ನನಗೂ ಅದು ಯಾವುದೆಂದು ತಿಳಿಯಲಿಲ್ಲ. 'ಕಟ್ಟಿದ್ದು ನಾನು' ಎಂದ ಆ ದನಿಯನ್ನು ನಾನು ಕೋಣೆಯಲ್ಲಿ ಒಬ್ಬನೇ ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬರುವುದಿಲ್ಲ.

ಪೇಟೆಂಟ್ ಇಲ್ಲದೆಯೇ ಅಚ್ಚು ಮಾಡಿಸಲು ಮುಚ್ಚಳದ ಚಿತ್ರ ಚೀನಾಕ್ಕೆ ಹೋಯಿತು; ನನ್ನ ವರ್ಷ ಮುಗಿದು ನಾನು ವಾಪಸು ಬಂದೆ. ಅವರು ಇನ್ನೂ ಸೌತ್ ಸಿಯಲ್ಲೇ ಇದ್ದಾರೆ; ಮುಂದಿನ ವರ್ಷ ಹೊರಡುತ್ತೇವೆ ಎಂದು ಪ್ರತಿ ವರ್ಷವೂ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿ ಒದ್ದೆ ಅಂಗಿಯಲ್ಲೇ ನಿಂತು ಫೋನು ಹಚ್ಚಿದೆ.

"ಮಿಸ್ಟರ್ ಭೂಷಣ್." ನಿಲುಗಡೆ.

"ಕೋತಿ," ಎಂದರು ಆ ಕಡೆಯಿಂದ. "ಮೇಡಂ ನಿಲ್ಲೋದು ಇಷ್ಟು ಹೊತ್ತಲ್ಲ. ಹೇಳು."

ಹೇಳಿದೆ. ಮಾಮೂಲು ಔಷಧಿ ಅಂಗಡಿ, ಮಾಮೂಲು ಸಿರಪ್, ಬಾಟಲಿಯ ಮೇಲೆ ನಮ್ಮ ಮುಚ್ಚಳ. ಅವರ ಹಿಂದೆ ಎಲ್ಲೋ ಮಟಾಟುವಿನ ಹಾರ್ನು ಕೇಳಿಸಿತು.

"ಹೆಸರು ಏನಾದ್ರೂ ಇದ್ಯಾ ಅದರ ಮೇಲೆ?"

ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. "ಯಾರ ಹೆಸರೂ ಇಲ್ಲ ಸಾರ್. ಒಂದು ಬಾಣದ ಗುರುತು ಇದೆ, ಅಷ್ಟೇ."

"ಹೂಂ." ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. "ಚೆಲ್ತಾ?"

ನನ್ನ ಅಂಗಿ ನೋಡಿಕೊಂಡೆ. "ಮುಚ್ಚಳದಿಂದ ಒಂದು ಹನೀನೂ ಇಲ್ಲ ಸಾರ್. ಮಗು ಉಗಿದಿದ್ದಕ್ಕೆ ನೀವು ಜವಾಬ್ದಾರರಲ್ಲ."

ಅವರು ನಕ್ಕದ್ದು ಕೇಳಿಸಿತು. ಯಾರಂತೆ, ಏನಂತೆ ಎಂದು ಹಿಂದಿನಿಂದ ವಿಶಾಲಕ್ಕನ ದನಿ. ನಮ್ಮ ಮುಚ್ಚಳ ಹುಬ್ಬಳ್ಳಿಯಲ್ಲಿ ಸಿಕ್ಕಿತಂತೆ ಎಂದು ಇವರು.

"ಅಯ್ಯೋ," ಎಂದರು ವಿಶಾಲಕ್ಕ, "ನಮ್ಮ ತಾಂಬೂಲ ಅಲ್ಲೀವರೆಗೂ ಹೋಯ್ತಾ!"